ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಗೆ ಆರ್‌ವಿ: ಸೀಲ್, ನೀರುನಾಯಿ ಮತ್ತು ಪಕ್ಕದ ಸೈಟಿನವರು

ಪ್ರಶ್ನೆ: ನಾವು ಸನ್ನಿವೇಲ್‌ನಲ್ಲಿದ್ದೇವೆ. ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ರಜೆ. ಆಗ ಶಿವಮೊಗ್ಗದಿಂದ ಅಪ್ಪ-ಅಮ್ಮನೂ ಬಂದಿರುತ್ತಾರೆ. 25 ಅಡಿಯ ಆರ್‌ವಿ (ಅಡುಗೆ, ಮಲಗುವ ಸೌಕರ್ಯವಿರುವ ಮನೆಗಾಡಿ) ಬಾಡಿಗೆಗೆ ಹಿಡಿದು ಹಾಫ್ ಮೂನ್ ಬೇ, ಮಾಂಟೆರೆ, ಬಿಗ್ ಸರ್, ಮೊರೊ ಬೇ, ಪಿಸ್ಮೊ ಅಂತ ಐದು ರಾತ್ರಿ ಐದು ಊರು ಸುತ್ತುವ ಯೋಚನೆ. ಮಕ್ಕಳಿಗೆ (9 ಮತ್ತು 6 ವರ್ಷ) ಎಲಿಫೆಂಟ್ ಸೀಲ್, ನೀರುನಾಯಿ, ತಿಮಿಂಗಿಲ ನೋಡಬೇಕಂತೆ. ಸೀಲ್‌ಗಳು ಮೈಮೇಲೆ ಬರುತ್ತವೆಯೇ? ತಾಯಿ ಮರಿಯನ್ನು ಬಿಟ್ಟು ಹೋಗುತ್ತದೆ, ಮರಿ ಅಳುತ್ತಾ ಬಿದ್ದಿರುತ್ತದೆ ಎಂದು ಕೇಳಿದ್ದೇವೆ, ನಿಜವೇ? ರಾತ್ರಿ ಕ್ಯಾಂಪಿಗೆ ಪ್ರಾಣಿ ಬರುತ್ತದೆಂದು ಅಮ್ಮನಿಗೆ ಭಯ. ಇನ್ನೊಂದು ಸಂಕೋಚದ ಮಾತು: ಹಿಂದೊಮ್ಮೆ ಟೆಂಟ್ ಹಾಕಿದ್ದಾಗ ಅಕ್ಕಪಕ್ಕದವರ ಜೊತೆ ಕೈ ಬೀಸಿದ್ದು ಬಿಟ್ಟರೆ ಒಂದು ಮಾತೂ ಆಗಲಿಲ್ಲ. ನಮ್ಮ ಒಗ್ಗರಣೆ ಘಾಟು, ಮಕ್ಕಳ ಗಲಾಟೆ ಅವರಿಗೆ ಹಿಡಿಸುವುದಿಲ್ಲವೇನೋ. ಪರಿಚಯ ಮಾಡಿಕೊಳ್ಳುವುದು ಹೇಗೆ?

ಉತ್ತರ: ಪ್ರಾಣಿಗಳು ತೀರಾ ಹತ್ತಿರ ಬಂದಾವೆಂಬ ಚಿಂತೆ ಒಂದು, ಮನುಷ್ಯರು ಹತ್ತಿರ ಬರುವುದೇ ಇಲ್ಲವೆಂಬ ಚಿಂತೆ ಇನ್ನೊಂದು. ಎರಡರ ಬಗ್ಗೆಯೂ ಹೇಳುತ್ತೇನೆ. ಆದರೆ ಮೊದಲು ಆ ಐದು ಊರಿನ ಪಟ್ಟಿಯನ್ನು ಬದಲಿಸಬೇಕು, ಯಾಕೆಂದರೆ ಎರಡಕ್ಕೂ ಅಡ್ಡ ಬರುವುದು ಅದೇ.

ಲೆಕ್ಕ ಹಾಕಿ ನೋಡಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ, ಮುಳುಗುವುದು ಐದರ ಸುಮಾರಿಗೆ. ಆರು ಜನ ಎದ್ದು, ತಿಂಡಿ ತಿಂದು, ಪಾತ್ರೆ-ಹಾಸಿಗೆ ಕಟ್ಟಿ, ಕಪಾಟುಗಳ ಚಿಲಕ ಹಾಕಿ, ಗಾಡಿಯ ಕೊಳಚೆ ನೀರು ಖಾಲಿಮಾಡುವ ಡಂಪ್ ಸ್ಟೇಷನ್ನಿನ ಸಾಲಿನಲ್ಲಿ ನಿಂತು ಹೊರಡುವಾಗ ಹನ್ನೊಂದು. ಸ್ಟೇಟ್ ಪಾರ್ಕ್‌ಗಳಲ್ಲಿ ಮುಂದಿನ ಸೈಟ್ (ಗಾಡಿ ನಿಲ್ಲಿಸುವ ಜಾಗ) ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಹಿಂದಕ್ಕೆ ತೆಗೆದು, ಚಕ್ರದ ಕೆಳಗೆ ಬ್ಲಾಕ್ ಇಟ್ಟು ಮಟ್ಟ ಮಾಡುವಷ್ಟರಲ್ಲಿ ಮಬ್ಬುಗತ್ತಲೆ. ಗಾಳಿ ಏಳದ ಬೆಳಗಿನ ಹೊತ್ತು ಕಡಲಿನ ಪ್ರಾಣಿ ನೋಡಲು ಉತ್ತಮ. ನೀವು ಆಗ ಸಾಮಾನು ಕಟ್ಟುತ್ತಿರುತ್ತೀರಿ. ಕ್ಯಾಂಪಿನವರು ಕುರ್ಚಿ ಹಾಕಿಕೊಂಡು ಹೊರಗೆ ಕೂರುವುದು ನಾಲ್ಕರ ಮೇಲೆ. ನೀವು ಆಗ ಗಾಡಿ ಮಟ್ಟ ಮಾಡುತ್ತಿರುತ್ತೀರಿ. ಕಳೆದ ಬಾರಿ ಮಾತು ಬೆಳೆಯದಿದ್ದುದಕ್ಕೂ ಒಗ್ಗರಣೆ ಕಾರಣವಾಗಿರಲಿಕ್ಕಿಲ್ಲ. ಒಂದೇ ರಾತ್ರಿ ಇದ್ದು ಹೋಗುವವರ ಪರಿಚಯ ಮಾಡಿಕೊಳ್ಳಲು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ನನ್ನ ಸಲಹೆ: ಸ್ಯಾನ್ ಸಿಮಿಯೊನ್ ಕ್ರೀಕ್ ಕ್ಯಾಂಪ್‌ಗ್ರೌಂಡಿನಲ್ಲಿ ಮೂರು ರಾತ್ರಿ, ಪಿಸ್ಮೊ ಸ್ಟೇಟ್ ಬೀಚಿನ ನಾರ್ತ್ ಬೀಚ್ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ರಾತ್ರಿ. ಎಲಿಫೆಂಟ್ ಸೀಲ್‌ಗಳ ಪಿಯೆಡ್ರಾಸ್ ಬ್ಲಾಂಕಾಸ್ ಮೊದಲಿನದರಿಂದ ಉತ್ತರಕ್ಕೆ ಹತ್ತು ಮೈಲಿಯಷ್ಟು, ನೀರುನಾಯಿಗಳ ಮೊರೊ ಬೇ ದಕ್ಷಿಣಕ್ಕೆ ಇಪ್ಪತ್ತೈದು ಮೈಲಿಯಷ್ಟು. ಬಿಗ್ ಸರ್ ಅನ್ನು ಈ ಸಲ ಬಿಟ್ಟುಬಿಡಿ. ಆ ರಸ್ತೆಯಲ್ಲಿ 25 ಅಡಿಯ ಗಾಡಿ ಓಡಿಸಬಹುದು, ಆದರೆ ಮೊದಲ ಸಲ ಆರ್‌ವಿ ಹಿಡಿದವರಿಗೆ ಆ ತಿರುವುಗಳಲ್ಲಿ ಕಡಲು ನೋಡುವ ವ್ಯವಧಾನ ಇರುವುದಿಲ್ಲ. ಚಳಿಗಾಲದ ಮಳೆಗೆ ಅಲ್ಲಿ ಗುಡ್ಡ ಕುಸಿಯುವುದೂ ಉಂಟು. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಬಳಿ ಕುಸಿದ ರಸ್ತೆ ಮತ್ತೆ ತೆರೆದದ್ದು 2018ರ ಜುಲೈಯಲ್ಲಿ. ನೀವು 101ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗಿ, ಪಾಸೊ ರೋಬ್ಲೆಸ್ ದಾಟಿ, 46ನೇ ರಸ್ತೆಯಲ್ಲಿ ಪಶ್ಚಿಮಕ್ಕೆ ತಿರುಗಿ ಕೇಂಬ್ರಿಯಾ ಬಳಿ ಕಡಲು ಸೇರಿಕೊಳ್ಳಿ. ಸುಮಾರು 200 ಮೈಲಿ, ಆರ್‌ವಿಯಲ್ಲಿ ಐದು ಗಂಟೆ ಇಟ್ಟುಕೊಳ್ಳಿ. 46ರ ಕೊನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಗೇರ್ ಇಳಿಸಿ ಎಂಜಿನ್ನಿಗೆ ತಡೆಯಲು ಬಿಡಿ.

ನೀವು ಕೇಳದ ಇನ್ನೊಂದು ವಿಷಯ. 25 ಅಡಿಯ ಹಲವು ಬಾಡಿಗೆ ಗಾಡಿಗಳಲ್ಲಿ ಐದೇ ಜನರಿಗೆ ಸೀಟ್ ಬೆಲ್ಟ್ ಇರುತ್ತದೆ, ನೀವು ಆರು ಜನ. ಓಡುವ ಗಾಡಿಯ ಹಾಸಿಗೆಯ ಮೇಲೆ ಅಪ್ಪ ಮಲಗಿರುತ್ತಾರೆ ಎನ್ನುವ ಲೆಕ್ಕ ನಡೆಯುವುದಿಲ್ಲ. ಆರು ವರ್ಷದ ಮಗುವಿಗೆ ಕ್ಯಾಲಿಫೋರ್ನಿಯಾ ಕಾನೂನಿನಂತೆ ಬೂಸ್ಟರ್ (ಮಗುವನ್ನು ಎತ್ತರಿಸಿ ಕೂರಿಸುವ ಸೀಟು) ಬೇಕು, ಅದನ್ನು ಅಡ್ಡ ಮುಖದ ಸೋಫಾ ಸೀಟಿಗೆ ಕಟ್ಟುವಂತಿಲ್ಲ. ಹಾಗಾಗಿ ಎರಡು ದಾರಿ. 30 ಅಡಿಯ ಗಾಡಿ ತೆಗೆದುಕೊಳ್ಳುವುದು ಒಂದು. ಆಗ ಬಾಡಿಗೆ, ಪೆಟ್ರೋಲ್ ಎರಡೂ ಹೆಚ್ಚು, ಹಿಡಿಸುವ ಸೈಟುಗಳು ಕಡಿಮೆ. ಇನ್ನೊಂದು, ನಿಮ್ಮ ಕಾರನ್ನೂ ಜೊತೆಗೆ ಒಯ್ಯುವುದು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಎರಡನೇ ವಾಹನಕ್ಕೆ ಪಾರ್ಕಿನವರು ಪ್ರತ್ಯೇಕ ಶುಲ್ಕ ಕೇಳುತ್ತಾರೆ, ಕೊಡಿ. ಆರ್‌ವಿ ಸೈಟಿನಲ್ಲೇ ನಿಂತಿರುತ್ತದೆ, ಬೆಳಗಿನ ಏಳೂವರೆಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಸೀಲ್ ನೋಡಲು ಕಾರಿನಲ್ಲಿ ಹೊರಡಬಹುದು. ಅಮ್ಮನಿಗೆ ಸುಸ್ತಾದರೆ ಅರ್ಧ ಜನ ಉಳಿದುಕೊಳ್ಳಬಹುದು. ಬರೀ ಆರ್‌ವಿ ಇದ್ದರೆ ಪ್ರತಿ ಸಲವೂ ಇಡೀ ಮನೆ ಕಟ್ಟಿಕೊಂಡು ಹೊರಡಬೇಕು.

ಈಗ ಸೀಲ್ ವಿಷಯ. ಪಿಯೆಡ್ರಾಸ್ ಬ್ಲಾಂಕಾಸ್‌ಗೆ ಟಿಕೆಟ್ ಇಲ್ಲ, ಮುಂಗಡ ಬುಕಿಂಗ್ ಇಲ್ಲ. ರಸ್ತೆ ಪಕ್ಕದಲ್ಲೇ ಪಾರ್ಕಿಂಗ್, ಬೇಲಿ ಹಾಕಿದ ಮರದ ಅಟ್ಟಣೆ, ಕೆಳಗೆ ಮರಳಿನ ಮೇಲೆ ಪ್ರಾಣಿಗಳು. ಮೊಣಕಾಲು ನೋವಿರುವ ಹಿರಿಯರೂ ಆರಾಮಾಗಿ ನೋಡಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಎಣ್ಣೆಗಾಗಿ ಬೇಟೆಯಾಡಿ ಈ ಸಂತತಿಯನ್ನು ಹೆಚ್ಚುಕಡಿಮೆ ಮುಗಿಸಿಯೇಬಿಟ್ಟಿದ್ದರು. ಮೆಕ್ಸಿಕೋದ ಗ್ವಾಡಲೂಪೆ ದ್ವೀಪದಲ್ಲಿ ಉಳಿದ ಕೆಲವೇ ಕೆಲವು ಮತ್ತೆ ಬೆಳೆದವು. ಈ ಕಡಲತೀರಕ್ಕೆ ಅವು ಬಂದದ್ದು 1990ರಲ್ಲಿ, ಮೊದಲ ಮರಿ ಹುಟ್ಟಿದ್ದು 1992ರಲ್ಲಿ.

ನೀವು ಹೋಗುವ ವಾರದಲ್ಲಿ ಏನು ಕಾಣುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ದೊಡ್ಡ ಗಂಡುಗಳು ನವೆಂಬರ್ ಕೊನೆಯಿಂದಲೇ ಬಂದು ಜಾಗ ಹಿಡಿದಿರುತ್ತವೆ. ಹದಿನಾಲ್ಕರಿಂದ ಹದಿನಾರು ಅಡಿ ಉದ್ದ, ಎರಡು ಸಾವಿರ ಕಿಲೋ ದಾಟುವ ಭಾರ, ಜೋತುಬಿದ್ದ ಸೊಂಡಿಲಿನಂಥ ಮೂಗು. ಹೆಣ್ಣುಗಳು ಡಿಸೆಂಬರ್ ಮಧ್ಯದಿಂದ ಬರತೊಡಗುತ್ತವೆ. ಮರಿಗಳು ಆಗ ಎಣಿಸುವಷ್ಟೇ, ತುಂಬಿ ತುಳುಕುವುದು ಜನವರಿ ಕೊನೆಗೆ. ಆದರೆ ಗಂಡುಗಳ ಪೈಪೋಟಿಯನ್ನು, ಎದೆಯೆತ್ತಿ ನಿಂತು ಡಬಡಬ ಎಂದು ಹೊರಡಿಸುವ ಆ ಸದ್ದನ್ನು ಕೇಳಲು ನಿಮ್ಮ ವಾರ ಚೆನ್ನಾಗಿದೆ.

ಮೈಮೇಲೆ ಬರುತ್ತವೆಯೇ ಎಂದರೆ, ಅಟ್ಟಣೆಯ ಮೇಲೆ ನಿಂತವರಿಗೆ ಇಲ್ಲ. ಅಪಾಯ ಇರುವುದು ಅಕ್ಕಪಕ್ಕದ ಬೇಲಿಯಿಲ್ಲದ ಸಣ್ಣ ತೀರಗಳಲ್ಲಿ. ಬಂಡೆಯ ಹಾಗೆ ಬಿದ್ದುಕೊಂಡ ಗಂಡು ಮರಳಿನ ಮೇಲೆ ಸ್ವಲ್ಪ ದೂರದವರೆಗೆ ಮನುಷ್ಯನಷ್ಟೇ ವೇಗವಾಗಿ ನುಗ್ಗಬಲ್ಲದು. ನಿಮ್ಮ ಮೇಲಿನ ಸಿಟ್ಟಿಗೇ ನುಗ್ಗಬೇಕೆಂದಿಲ್ಲ, ಇನ್ನೊಂದು ಗಂಡನ್ನು ಅಟ್ಟಿಸಿಕೊಂಡು ಹೋಗುವಾಗ ನಡುವೆ ಸಿಕ್ಕಿದ್ದನ್ನು ಅದು ನೋಡುವುದಿಲ್ಲ. ಅಧಿಕಾರಿಗಳು ಹೇಳುವ ಅಂತರ ಸೀಲ್‌ಗೆ ಕನಿಷ್ಠ 50 ಗಜ, ತಿಮಿಂಗಿಲಕ್ಕೆ 100 ಗಜ. ಕಾಡುವುದು 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ದಂಡದ ಭಯಕ್ಕಿಂತ ಅದರ ಹಿಂದಿನ ಕಾರಣ ಗೊತ್ತಿದ್ದರೆ ಮಕ್ಕಳೇ ದೂರ ನಿಲ್ಲುತ್ತಾರೆ. ಈ ಗಂಡುಗಳು ಮೂರು ತಿಂಗಳವರೆಗೂ ಏನೂ ತಿನ್ನದೆ, ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಬದುಕುತ್ತವೆ. ಬೆದರಿ ಎದ್ದು ಓಡಿದ ಪ್ರತಿ ಸಲವೂ ಆ ಗಂಟು ಕರಗುತ್ತದೆ.

ತಾಯಿ ಮರಿಯನ್ನು ಬಿಟ್ಟು ಹೋಗುವುದು ನಿಜ, ನೀವು ಅಂದುಕೊಂಡ ಅರ್ಥದಲ್ಲಲ್ಲ. ಹುಟ್ಟುವಾಗ ಸುಮಾರು 30 ಕಿಲೋ ಇರುವ ಮರಿ ನಾಲ್ಕು ವಾರ ಹಾಲು ಕುಡಿದು ನೂರು ಕಿಲೋ ದಾಟಿರುತ್ತದೆ. ಅಷ್ಟು ದಿನ ಉಪವಾಸವಿದ್ದ ತಾಯಿ ಗಂಡಿನೊಡನೆ ಕೂಡಿ ಸಮುದ್ರಕ್ಕೆ ಮರಳುತ್ತದೆ. ಮರಿ ಎರಡು-ಮೂರು ತಿಂಗಳು ತೀರದಲ್ಲೇ ಉಳಿದು ಈಜು ಕಲಿತು ತಾನೇ ಹೊರಡುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಂಟಿಯಾಗಿ ಕಾಣುವ ದಪ್ಪ ಮರಿಗಳೆಲ್ಲ ಇವೇ, ಅನಾಥವೇನಲ್ಲ. ಅಳುವುದೂ ಹಾಗೆಯೇ. ಕಣ್ಣು ಒಣಗದಂತೆ ಒಸರುವ ದ್ರವ ಮೂಗಿಗೆ ಇಳಿದುಹೋಗುವ ನಾಳ ಸೀಲ್‌ಗಳಲ್ಲಿಲ್ಲ, ಆದ್ದರಿಂದ ಕೆನ್ನೆಯ ಮೇಲೆ ಹರಿಯುತ್ತದೆ. ಎಷ್ಟೋ ಹೊತ್ತು ಉಸಿರಾಡದೆ ಬಿದ್ದಿದ್ದರೆ ಸತ್ತಿದೆ ಎಂದು ಗಾಬರಿಯಾಗಬೇಡಿ. ನೆಲದ ಮೇಲೆ ನಿದ್ದೆ ಮಾಡುವಾಗಲೂ ಅವು ಹಲವು ನಿಮಿಷ ಉಸಿರು ಹಿಡಿಯುತ್ತವೆ. ನಿಜವಾಗಿಯೂ ಗಾಯವಾದದ್ದು ಅಥವಾ ಬಲೆ ಸುತ್ತಿಕೊಂಡದ್ದು ಕಂಡರೆ ಮುಟ್ಟಬೇಡಿ, ನೀರು ಚಿಮುಕಿಸಬೇಡಿ. ಜಾಗ, ಹೊತ್ತು ಗುರುತು ಹಾಕಿಕೊಂಡು ಕಡಲ ಸಸ್ತನಿಗಳ ಆರೈಕೆ ಮಾಡುವ ಮರೀನ್ ಮ್ಯಾಮಲ್ ಸೆಂಟರ್‌ಗೆ ಫೋನ್ ಮಾಡಿ.

ನೀರುನಾಯಿಗೆ ಮೊರೊ ಬಂಡೆಯ ಬುಡದ ಬಂದರು ಒಳ್ಳೆಯ ಜಾಗ. ದಾರಿಯಲ್ಲಿ ಸಮಯವಿದ್ದರೆ ಮಾಂಟೆರೆ ಬಳಿಯ ಮಾಸ್ ಲ್ಯಾಂಡಿಂಗ್‌ನಲ್ಲೂ ಸಿಗುತ್ತವೆ. ಕಡಲ ನೀರುನಾಯಿಗೆ ಸೀಲ್‌ನಂತೆ ಚರ್ಮದಡಿಯ ಕೊಬ್ಬಿಲ್ಲ, ಇರುವುದು ದಟ್ಟ ತುಪ್ಪಳ ಮಾತ್ರ. ಮೈ ಬಿಸಿ ಇಟ್ಟುಕೊಳ್ಳಲು ದಿನಕ್ಕೆ ದೇಹದ ತೂಕದ ಕಾಲುಭಾಗದಷ್ಟು ತಿನ್ನಬೇಕು. ಕೆಲ್ಪ್ ಪಾಚಿಯ ಎಳೆ ಸುತ್ತಿಕೊಂಡು ಅಂಗಾತ ಮಲಗಿರುವಾಗ ಅದು ಶಕ್ತಿ ಉಳಿಸುತ್ತಿರುತ್ತದೆ. ಕಯಾಕ್ ತೆಗೆದುಕೊಂಡರೆ 60 ಅಡಿಗಿಂತ, ಅಂದರೆ ಸುಮಾರು ಐದು ಕಯಾಕ್ ಉದ್ದಕ್ಕಿಂತ, ಹತ್ತಿರ ಹೋಗಬೇಡಿ. ನೇರ ಅದರತ್ತ ಹುಟ್ಟು ಹಾಕದೆ ಪಕ್ಕದಿಂದ ಹಾದುಹೋಗಿ. ತಲೆಯೆತ್ತಿ ನಿಮ್ಮನ್ನೇ ದಿಟ್ಟಿಸಿದರೆ ಆಗಲೇ ಹೆಚ್ಚು ಹತ್ತಿರವಾಗಿದೆ ಎಂದರ್ಥ. 2023ರ ಬೇಸಿಗೆಯಲ್ಲಿ ಸಾಂತಾ ಕ್ರೂಜ್‌ನಲ್ಲಿ ಸರ್ಫ್‌ಬೋರ್ಡ್ ಏರಿ ಕೂರುತ್ತಿದ್ದ ಹೆಣ್ಣು ನೀರುನಾಯಿಯ ವಿಡಿಯೋ ನೀವೂ ನೋಡಿರಬಹುದು. ಮುದ್ದಾಗಿ ಕಂಡರೂ ಅದರ ಹಲ್ಲು ಚಿಪ್ಪು ಒಡೆಯುವಂಥದ್ದು. ಅಪ್ಪ-ಅಮ್ಮನಿಗೆ ಕಯಾಕ್ ಬೇಕಿಲ್ಲ, ದಡದ ಮೇಲಿನ ಬೆಂಚೇ ಸಾಕು.

ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಬೈನಾಕ್ಯುಲರ್ ಒಂದು ದೊಡ್ಡವರಿಗೆ, ಹಗುರದ್ದೊಂದು ಮಕ್ಕಳಿಗೆ ಇರಲಿ. 10x ಅಥವಾ 12x ಜಾಸ್ತಿ ತೋರಿಸುತ್ತದೆಂದು ಕೊಂಡರೆ ಕೈನಡುಕದಲ್ಲಿ ಏನೂ ನಿಲ್ಲುವುದಿಲ್ಲ. ಬೂದು ತಿಮಿಂಗಿಲಗಳು ಆ ವಾರ ದಕ್ಷಿಣಕ್ಕೆ ಹೋಗುತ್ತಿರುತ್ತವೆ, ದಟ್ಟಣೆ ಜನವರಿ ಮಧ್ಯಕ್ಕೆ. ಬೈನಾಕ್ಯುಲರ್ ಹಿಡಿದು ಹುಡುಕಲು ಶುರುಮಾಡಬೇಡಿ. ಬರಿಗಣ್ಣಿನಲ್ಲಿ ದಿಗಂತಕ್ಕಿಂತ ಸ್ವಲ್ಪ ಕೆಳಗೆ ನೋಡುತ್ತಿರಿ, ಬಿಳಿ ಉಸಿರು ಚಿಮ್ಮಿದರೆ ಅಲ್ಲಿಗೆ ಬೈನಾಕ್ಯುಲರ್ ತಿರುಗಿಸಿ. ಮೂರ್ನಾಲ್ಕು ಸಲ ಉಸಿರು ಬಿಟ್ಟು, ಮೂರರಿಂದ ಐದು ನಿಮಿಷ ಮುಳುಗಿ, ಮತ್ತೆ ಎಡಕ್ಕೆ, ಅಂದರೆ ದಕ್ಷಿಣಕ್ಕೆ, ಸ್ವಲ್ಪ ಮುಂದೆ ಏಳುತ್ತವೆ. ಅಲೆಯ ನೆತ್ತಿಯೆಲ್ಲ ನೊರೆಯಾಗಿರುವ ಗಾಳಿಯ ದಿನ ಈ ಕೆಲಸ ವ್ಯರ್ಥ. ಪಿಸ್ಮೊದಲ್ಲಿ ನಿಮ್ಮ ಕ್ಯಾಂಪ್‌ಗ್ರೌಂಡಿನ ಪಕ್ಕದಲ್ಲೇ ಮೊನಾರ್ಕ್ ಚಿಟ್ಟೆಗಳ ನೀಲಗಿರಿ ತೋಪಿದೆ. 13 ಡಿಗ್ರಿಗಿಂತ ತಂಪಿದ್ದರೆ ಅವು ಹಾರಲಾರವು, ರೆಕ್ಕೆ ಮುಚ್ಚಿ ತರಗೆಲೆಯ ಗೊಂಚಲಿನಂತೆ ನೇತಾಡುತ್ತವೆ, ಹೊಸಬರ ಕಣ್ಣಿಗೆ ಬೀಳುವುದೇ ಇಲ್ಲ. ಬಿಸಿಲೇರಿದ ಮೇಲೆ ಹೋಗಿ. ಸಂಖ್ಯೆ ವರ್ಷದಿಂದ ವರ್ಷಕ್ಕೆ ವಿಪರೀತ ಏರಿಳಿಯುತ್ತದೆ. 2020ರ ಚಳಿಗಾಲದ ಎಣಿಕೆಯಲ್ಲಿ ಕರಾವಳಿಯುದ್ದಕ್ಕೂ ಸೇರಿ ಎರಡು ಸಾವಿರವೂ ಇರಲಿಲ್ಲ.

ಅಮ್ಮನ ಭಯಕ್ಕೆ ಉತ್ತರ: ರಾತ್ರಿ ಬರುವವು ರಕೂನ್ ಎಂಬ ಸಣ್ಣ ಪ್ರಾಣಿಗಳು. ಅವು ಹುಡುಕಿಕೊಂಡು ಬರುವುದು ಆಹಾರವನ್ನು, ನಿಮ್ಮನ್ನಲ್ಲ. ಕೂಲರ್ ಮುಚ್ಚಳ ತೆಗೆಯುವುದು, ಕಸದ ಚೀಲ ಹರಿಯುವುದು ಅವಕ್ಕೆ ಸಲೀಸು. ಊಟವಾದ ಮೇಲೆ ಮೇಜಿನ ಮೇಲೆ ಒಂದಗುಳೂ ಇರಬಾರದು, ಕೂಲರ್ ಗಾಡಿಯೊಳಗಿರಲಿ. ಕಾಗೆಗೆ ಅನ್ನ ಇಡುವ ಅಭ್ಯಾಸದಲ್ಲಿ ಅಪ್ಪ ಒಂದು ತುತ್ತು ಹೊರಗಿಟ್ಟರೂ ಅದು ಅಲ್ಲಿ ನಿಯಮ ಮೀರಿದಂತೆಯೇ. ಪ್ಯೂಮಾ (ದೊಡ್ಡ ಕಾಡುಬೆಕ್ಕಿನ ಜಾತಿ) ಆ ಬೆಟ್ಟಗಳಲ್ಲಿ ಇದೆ, ದೀಪ-ಜನ ಇರುವ ಕ್ಯಾಂಪಿಗೆ ಬರುವುದು ತೀರಾ ಅಪರೂಪ. ನಾನು ಚಿಂತೆ ಮಾಡುವುದು ಬೇರೆ ಎರಡರ ಬಗ್ಗೆ. ಒಂದು, ಮೂರು ಮೂರು ಎಲೆಯ ಪಾಯ್ಸನ್ ಓಕ್ ಎಂಬ ಗಿಡ. ಚಳಿಗಾಲದಲ್ಲಿ ಎಲೆ ಉದುರಿದ ಬರೀ ಕಡ್ಡಿ ತಗುಲಿದರೂ ಚರ್ಮ ಬೊಬ್ಬೆ ಏಳುತ್ತದೆ, ಮಕ್ಕಳು ಪೊದೆಗೆ ನುಗ್ಗದಿರಲಿ. ಇನ್ನೊಂದು ಅಲೆ. ಹತ್ತು-ಹದಿನೈದು ನಿಮಿಷ ಸುಮ್ಮನಿದ್ದ ಕಡಲು ಒಮ್ಮೆಲೇ ದೊಡ್ಡ ಅಲೆ ನುಗ್ಗಿಸುತ್ತದೆ, ಒದ್ದೆ ಬಂಡೆಯ ಮೇಲಿದ್ದವರನ್ನು ಎಳೆದೊಯ್ಯುತ್ತದೆ. ಕಡಲಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲಬೇಡಿ.

ಇನ್ನು ಅಕ್ಕಪಕ್ಕದವರು. ಅಲ್ಲಿ ನೆರೆಯವರ ಮುಖ ಕೆಡುವುದು ವಾಸನೆಗಿಂತ ಸದ್ದಿಗೆ, ಅದರಲ್ಲೂ ಜನರೇಟರ್ ಸದ್ದಿಗೆ. ಈ ಎರಡೂ ಕ್ಯಾಂಪ್‌ಗ್ರೌಂಡುಗಳಲ್ಲಿ ಗಾಡಿಗೆ ಕರೆಂಟ್ ಜೋಡಿಸಿಕೊಳ್ಳುವ ಹುಕ್‌ಅಪ್ ಇಲ್ಲ. ಸ್ಟೇಟ್ ಪಾರ್ಕ್‌ಗಳಲ್ಲಿ ಜನರೇಟರ್‌ಗೆ ಅವಕಾಶ ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ, ರಾತ್ರಿ 10ರಿಂದ ಬೆಳಗ್ಗೆ 6 ನಿಶ್ಶಬ್ದದ ಹೊತ್ತು. ಬಾಡಿಗೆ ಗಾಡಿಯ ಬ್ಯಾಟರಿ ಸುಮಾರು 100 ಆಂಪಿಯರ್-ಅವರ್ ಲೆಡ್ ಆಸಿಡ್ ಆಗಿದ್ದರೆ ಅರ್ಧದಷ್ಟೇ ಬಳಸಬೇಕು. ಹೀಟರಿನ ಫ್ಯಾನು ಏಳೆಂಟು ಆಂಪಿಯರ್ ಎಳೆಯುತ್ತದೆ, ರಾತ್ರಿ 5-6 ಡಿಗ್ರಿಗೆ ಇಳಿದಾಗ ಅದು ಅರ್ಧ ಹೊತ್ತು ಓಡಿದರೂ ಬೆಳಗಿನ ಜಾವಕ್ಕೆ ಬ್ಯಾಟರಿ ಕೂತಿರುತ್ತದೆ. ಆಗ ನಾಲ್ಕು ಗಂಟೆಗೆ ಜನರೇಟರ್ ಹಾಕಿದರೆ ನಿಮ್ಮ ಸ್ನೇಹದ ಕಥೆ ಮುಗಿಯಿತು. ಹೀಟರ್ 15 ಡಿಗ್ರಿಗೆ ಇಟ್ಟು ದಪ್ಪ ಕಂಬಳಿ ಹೊದೆಯಿರಿ, ಮಧ್ಯಾಹ್ನ ಒಂದೆರಡು ಗಂಟೆ ಜನರೇಟರ್ ಓಡಿಸಿ. ಕಾರಿನಲ್ಲೇ ಓಡಾಡುವಾಗ ಆರ್‌ವಿಯ ಎಂಜಿನ್ ಬ್ಯಾಟರಿ ತುಂಬುವುದಿಲ್ಲ ಎಂಬುದು ನೆನಪಿರಲಿ. ಚಳಿಗೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದು ಮಾತ್ರ ಎಂದಿಗೂ ಬೇಡ, ಇಂಗಾಲದ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ.

ಒಗ್ಗರಣೆಯನ್ನು ಹೊರಗಿನ ಮೇಜಿನ ಮೇಲೆ, ಸಣ್ಣ ಪ್ರೊಪೇನ್ ಒಲೆಯಲ್ಲಿ ಹಾಕಿ. ಕಾರಣ ನೆರೆಯವರಲ್ಲ, ಗಾಡಿಯೊಳಗೆ ಒಣಮೆಣಸಿನ ಘಾಟಿಗೆ ಹೊಗೆ ಅಲಾರಂ ಕಿರುಚಿಕೊಳ್ಳುತ್ತದೆ. ಊರಿಂದ ತಂದ ಮಿಕ್ಸಿ 230 ವೋಲ್ಟಿನದು, ಅಲ್ಲಿ ಕೆಲಸಕ್ಕೆ ಬಾರದು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಚಪಾತಿ ಮನೆಯಲ್ಲೇ ಮಾಡಿಕೊಂಡು ಹೋಗಿ. ಆರು ಜನರ ಪಾತ್ರೆ ತೊಳೆದರೆ ಮೊದಲು ತುಂಬುವುದು ಸಿಂಕ್-ಸ್ನಾನದ ನೀರು ಸೇರುವ ಗ್ರೇ ಟ್ಯಾಂಕ್. ಸಾಧಾರಣವಾಗಿ ನೂರು-ನೂರಿಪ್ಪತ್ತು ಲೀಟರ್ ಹಿಡಿಯುತ್ತದೆ, ನಲ್ಲಿ ಬಿಟ್ಟುಕೊಂಡು ತೊಳೆದರೆ ಒಂದೂವರೆ ದಿನ. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಎರಡು ಬೇಸಿನ್‌ಗಳಲ್ಲಿ ತೊಳೆಯಿರಿ, ಸ್ನಾನ ಕ್ಯಾಂಪಿನ ಸ್ನಾನಗೃಹದಲ್ಲಿ ಮಾಡಿ. ಸಾರಿನ ಗಸಿ ಸಿಂಕಿಗೆ ಸುರಿದರೆ ಮೂರನೇ ದಿನ ಗಾಡಿಯೆಲ್ಲ ನಾರುತ್ತದೆ, ನೆಲಕ್ಕೆ ಚೆಲ್ಲಿದರೆ ರಕೂನ್‌ಗೆ ಕರೆಯೋಲೆ. ಡಂಪ್ ಮಾಡುವಾಗ ಕೈಗವಸು ಹಾಕಿ ಮೊದಲು ಶೌಚಾಲಯದ ಬ್ಲಾಕ್ ಟ್ಯಾಂಕ್, ಆಮೇಲೆ ಗ್ರೇ ಬಿಡಿ. ಗ್ರೇ ನೀರು ಪೈಪನ್ನು ತೊಳೆಯುತ್ತದೆ.

ಪರಿಚಯಕ್ಕೆ ಮೊದಲ ಜಾಗ ಕ್ಯಾಂಪ್‌ಗ್ರೌಂಡೂ ಅಲ್ಲ, ಸೀಲ್ ನೋಡುವ ಅಟ್ಟಣೆ. ಅಲ್ಲಿ ನೀಲಿ ಜಾಕೆಟ್ ಹಾಕಿದ ಸ್ವಯಂಸೇವಕರು ನಿಂತಿರುತ್ತಾರೆ, ‘ಫ್ರೆಂಡ್ಸ್ ಆಫ್ ದಿ ಎಲಿಫೆಂಟ್ ಸೀಲ್’ ಸಂಸ್ಥೆಯವರು. ಪ್ರಶ್ನೆ ಕೇಳಿಸಿಕೊಳ್ಳಲೆಂದೇ ಬಂದವರು. ಅಪ್ಪ ಕನ್ನಡದಲ್ಲಿ ಕೇಳಲಿ, ಒಂಬತ್ತು ವರ್ಷದ ಮಗು ಇಂಗ್ಲಿಷಿನಲ್ಲಿ ದಾಟಿಸಲಿ. ಮೂವರಿಗೂ ಕೆಲಸ ಸಿಕ್ಕಿತು. ಸಂಜೆ ಕ್ಯಾಂಪಿನಲ್ಲಿ ಇದೇ ಸುದ್ದಿ ಮಾತಿಗೆ ದಾರಿಯಾಗುತ್ತದೆ. ‘ಎಲ್ಲಿಂದ ಬಂದಿರಿ, ಏನು ಕೆಲಸ’ ಎಂದು ಶುರುಮಾಡುವ ನಮ್ಮ ಪದ್ಧತಿ ಅಲ್ಲಿ ವಿಚಾರಣೆಯಂತೆ ಕೇಳಿಸಬಹುದು. ‘ಇವತ್ತು ತಿಮಿಂಗಿಲ ಕಂಡಿತಾ’ ಎಂದು ಕೇಳಿ, ಯಾರೂ ಬೇಸರಿಸುವುದಿಲ್ಲ.

ಹೊರಗೆ ರಸ್ತೆಯತ್ತ ಮುಖ ಮಾಡಿ ಕೂತವರು ಮಾತಿಗೆ ಸಿದ್ಧರು; ಬಾಗಿಲು ಹಾಕಿಕೊಂಡವರು, ಗಾಡಿ ಹಿಂದಕ್ಕೆ ತೆಗೆಯುತ್ತಿರುವವರು, ಡಂಪ್ ಸಾಲಿನಲ್ಲಿರುವವರು ಅಲ್ಲ. ಯಾರದೇ ಸೈಟಿನ ನಡುವೆ ಹಾದು ಶೌಚಾಲಯಕ್ಕೆ ಹೋಗುವುದನ್ನು ಮನೆಯ ಹಜಾರ ದಾಟಿದಂತೆ ಕಾಣುತ್ತಾರೆ, ಇದನ್ನು ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿ. ಅಮ್ಮನಿಗೆ ನಾಯಿ ಭಯವಿದ್ದರೆ ‘ಸ್ವಲ್ಪ ಹಿಡಿದುಕೊಳ್ಳುತ್ತೀರಾ’ ಎಂದು ಕೇಳಲು ಸಂಕೋಚ ಬೇಡ. ಆರು ಅಡಿಯ ಹಗ್ಗದಲ್ಲಿ ಕಟ್ಟಿರಬೇಕೆಂಬುದು ಅಲ್ಲಿನ ನಿಯಮವೇ. ತಿಂಡಿ ಕೊಡಬಹುದು, ಆದರೆ ಮಕ್ಕಳ ಕೈಗೆ ನೇರ ಕೊಡಬೇಡಿ, ತಂದೆ-ತಾಯಿಯನ್ನು ಕೇಳಿ. ನಿಪ್ಪಟ್ಟು, ಚಿಕ್ಕಿಯಲ್ಲಿ ಶೇಂಗಾ, ಕೋಡುಬಳೆಯಲ್ಲಿ ರವೆ-ಮೈದಾ, ಚಕ್ಕುಲಿಯಲ್ಲಿ ಎಳ್ಳು ಇರುತ್ತದೆ; ಅಲರ್ಜಿ ಇರುವವರು ಅಲ್ಲಿ ಬಹಳ, ಏನೇನು ಹಾಕಿದೆ ಎಂದು ಹೇಳಿಯೇ ಕೊಡಿ. ಸೌದೆಯನ್ನು ಮನೆಯಿಂದ ಒಯ್ಯಬೇಡಿ, ಮರ ಕೊಲ್ಲುವ ಹುಳು-ರೋಗ ಅದರ ಜೊತೆ ಸಾಗುತ್ತದೆ. ಅಲ್ಲೇ ಕ್ಯಾಂಪ್ ನೋಡಿಕೊಳ್ಳುವ ‘ಕ್ಯಾಂಪ್ ಹೋಸ್ಟ್’ ಬಳಿ ಕೊಳ್ಳಿ, ಅವರ ಪರಿಚಯವೂ ಆಗುತ್ತದೆ. ಬೆಂಕಿ ಹಚ್ಚಿದ ಮೇಲೆ ‘ಕುರ್ಚಿ ತಂದುಕೊಳ್ಳಿ, ಬನ್ನಿ’ ಎನ್ನಿ. ಅವರದೇ ಕುರ್ಚಿ ಇದ್ದರೆ ಎದ್ದು ಹೋಗುವುದೂ ಅವರಿಗೆ ಸುಲಭ. ಬಿಯರ್ ನೀಡಿದರೆ ‘ಬೇಡ, ಚಹಾ ಇದೆ’ ಎಂದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ. ಹೊಸಬರೊಡನೆ ಹೆಸರು, ಸೈಟ್ ನಂಬರ್ ಹಂಚಿಕೊಳ್ಳಿ. ಮನೆ ವಿಳಾಸ, ಎಷ್ಟು ದಿನ ಮನೆ ಖಾಲಿ ಎಂಬುದು ಬೇಡ. ಅವರ ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ.

ಹಕ್ಕಿಗಳಲ್ಲಿ ಆಸಕ್ತಿಯಿದ್ದರೆ, ಪ್ರತಿವರ್ಷ ಡಿಸೆಂಬರ್ 14ರಿಂದ ಜನವರಿ 5ರ ನಡುವೆ ಹಕ್ಕಿಗಳ ಸಂರಕ್ಷಣೆಯ ಆಡುಬಾನ್ ಸಂಸ್ಥೆಯವರ ಕ್ರಿಸ್ಮಸ್ ಹಕ್ಕಿ ಎಣಿಕೆ ನಡೆಯುತ್ತದೆ, 1900ರಿಂದ ನಡೆದುಬಂದದ್ದು. ಮೊರೊ ಬೇ ಸುತ್ತಲ ಎಣಿಕೆಯ ದಿನ ನಿಮ್ಮ ವಾರಕ್ಕೆ ಬೀಳುತ್ತದೆಯೇ ನೋಡಿ, ಸಂಘಟಕರಿಗೆ ಮೊದಲೇ ಬರೆಯಿರಿ. ಹೊಸಬರನ್ನು ಅನುಭವಿಗಳ ತಂಡಕ್ಕೆ ಸೇರಿಸುತ್ತಾರೆ. ಅರ್ಧ ದಿನ ಒಟ್ಟಿಗೆ ನಡೆದು ಎಣಿಸಿದವರೊಡನೆ ಆಗುವ ಗೆಳೆತನ ಬೆಂಕಿ ಸುತ್ತ ಕೂತು ಆಗುವುದಕ್ಕಿಂತ ಗಟ್ಟಿ ಎನ್ನುವುದು ನನ್ನ ಅಭಿಪ್ರಾಯ.

ಬುಕಿಂಗ್ ಬಗ್ಗೆ: ಸ್ಟೇಟ್ ಪಾರ್ಕ್ ಸೈಟುಗಳು ‘ರಿಸರ್ವ್ ಕ್ಯಾಲಿಫೋರ್ನಿಯಾ’ ಜಾಲತಾಣದಲ್ಲಿ ಆರು ತಿಂಗಳು ಮೊದಲು, ಬೆಳಗ್ಗೆ ಎಂಟಕ್ಕೆ ತೆರೆಯುತ್ತವೆ. ಗಾಡಿಯ ಪೂರ್ತಿ ಉದ್ದ ನಮೂದಿಸಿ. ಸಿಗದಿದ್ದರೆ ಬೇರೆಯವರು ರದ್ದು ಮಾಡಿದ್ದು ಸಿಗುತ್ತದೆಯೇ ಎಂದು ಹವಾಮಾನ ವರದಿ ಬರುವ ಹೊತ್ತಿಗೆ ಮತ್ತೆ ಮತ್ತೆ ನೋಡಿ. ಮಳೆಯ ಮುನ್ಸೂಚನೆ ಬಂದೊಡನೆ ಟೆಂಟಿನವರು ಬಿಟ್ಟುಕೊಡುತ್ತಾರೆ. ಅದೂ ಆಗದಿದ್ದರೆ ಪಿಸ್ಮೊ ಅಥವಾ ಮೊರೊ ಬೇಯ ಖಾಸಗಿ ಆರ್‌ವಿ ಪಾರ್ಕ್ ಹಿಡಿಯಿರಿ. ಬಾಡಿಗೆ ಹೆಚ್ಚು, ಗಾಡಿಗಳು ಒತ್ತೊತ್ತಾಗಿ ನಿಂತಿರುತ್ತವೆ, ಬೆಂಕಿ ಹಚ್ಚಲು ಎಲ್ಲೆಡೆ ಬಿಡುವುದಿಲ್ಲ. ಆದರೆ ಕರೆಂಟ್, ನೀರು, ಒಳಚರಂಡಿ ಸಿಗುವುದರಿಂದ ಬ್ಯಾಟರಿ, ಟ್ಯಾಂಕಿನ ತಲೆನೋವು ಇರುವುದಿಲ್ಲ. ಅಪ್ಪ-ಅಮ್ಮನಿಗೆ ಚಳಿ ತಡೆಯದೆಂದು ಅನ್ನಿಸಿದರೆ ಮೊದಲ ಆಯ್ಕೆಯಾಗಿಯೇ ಅದನ್ನು ತೆಗೆದುಕೊಳ್ಳಬಹುದು.